ಕರುಳಿನ ಟ್ರಕ್ಕಿನ ಚಾಂಪಿಯನ್

ಆರ್ವಿಲ್ ಟ್ರಿವೆಟ್ ಎಂಥ ದೊಡ್ಡ ಮನುಷ್ಯ ಎಂದು ನಾನು ಮೂರು ವಾರ ಆರ್ವಿಲ್ ಟ್ರಿವೆಟ್‌ಗೇ ವಿವರಿಸಿ ಹೇಳಿದ್ದೆ. ಪೆದ್ದುತನಕ್ಕೆ ಸಂಬಳ ಕೊಡುವ ಪದ್ಧತಿ ಇದ್ದಿದ್ದರೆ ನಾನು ಕೋಳಿ ಕಾರ್ಖಾನೆಗೆ ಸೇರುವ ಅಗತ್ಯವೇ ಇರಲಿಲ್ಲ.

ಆಗ ನನಗೆ ಹತ್ತೊಂಬತ್ತು. ಕೆಲಸ ಕಾರ್ಖಾನೆಯ ಹಿಂಬಾಗಿಲಲ್ಲಿ. ಒಳಗಿನಿಂದ ಮೋರಿಯಲ್ಲಿ ತೇಲಿ ಬರುವ ಕರುಳು, ತಲೆ, ಕಾಲು, ನೆಂದ ಪುಕ್ಕ ಇವನ್ನೆಲ್ಲ ಸಲಿಕೆಯಲ್ಲಿ ಎತ್ತಿ ಟ್ರಕ್ಕಿಗೆ ತುಂಬಬೇಕು. ದಿನಕ್ಕೆ ಮೂರು ಲೋಡು. ಟ್ರಕ್ಕು ಅದನ್ನು ಹೊಳೆಯಾಚೆ ಕುದಿಸುವ ಜಾಗಕ್ಕೆ ಒಯ್ಯುತ್ತಿತ್ತು. ಅಲ್ಲಿ ಅದು ಬೆಂದು, ಒಣಗಿ, ಪುಡಿಯಾಗಿ, ಮೂಟೆ ಸೇರಿ, ಕೋಳಿಗಳಿಗೇ ಮೇವಾಗಿ ವಾಪಸು ಬರುತ್ತಿತ್ತು. ಇದು ಗೊತ್ತಾದ ಮೊದಲ ದಿನ ನಾನು ಊಟ ಮುಟ್ಟಲಿಲ್ಲ. ಎರಡನೇ ದಿನ ತಿಂದೆ. ಅದೂ ಕೋಳಿಯನ್ನೇ.

ಟ್ರಕ್ಕಿನ ಡ್ರೈವರು ನಲವತ್ತು ದಾಟಿದ, ಸಣಕಲು ಮೈಯ, ಮಾತು ಕಮ್ಮಿಯ ಆಸಾಮಿ. ಅಂಗಿಯ ಜೇಬಿನ ಮೇಲೆ ‘ಎ. ಟ್ರಿವೆಟ್’ ಎಂದು ಕೆಂಪು ದಾರದಲ್ಲಿ ಹೊಲಿದಿತ್ತು. ನಾನೋ ಪ್ರತಿ ಶನಿವಾರ ಬ್ರಷಿ ಫೋರ್ಕ್ ಕಾರ್ ರೇಸಿನ ಟ್ರ್ಯಾಕಿನಲ್ಲಿ ಗಂಟಲು ಹರಿದುಕೊಳ್ಳುವವನು. ಮೂವತ್ತಾರನೇ ನಂಬರಿನ ಕಂದು ಶೆವಿ ಕಾರು ನನ್ನ ದೇವರು. ಅದರೊಳಗಿನ ಮನುಷ್ಯನನ್ನು ಹೆಲ್ಮೆಟ್ಟಿನಲ್ಲಿ, ಕೆಮ್ಮಣ್ಣಿನ ಧೂಳಿನಲ್ಲಿ ಬಿಟ್ಟರೆ ಬೇರೆ ಹೇಗೂ ನೋಡಿರಲಿಲ್ಲ.

“ನೀವು ಚಾಂಪಿಯನ್ ಟ್ರಿವೆಟ್‌ಗೆ ಏನಾಗ್ಬೇಕು?” ಎಂದು ಕೇಳಿದೆ.

“ಹತ್ತಿರದೋನೇ,” ಎಂದ.

ಅಷ್ಟು ಸಾಕಾಯಿತು. “ಹಂಗಾದ್ರೆ ಅವರಿಗೊಂದು ಮಾತು ಹೇಳಿ. ಮೂರನೇ ತಿರುವಲ್ಲಿ ತುಂಬ ಬೇಗ ಬ್ರೇಕ್ ಹಿಡೀತಾರೆ. ನಾನಾಗಿದ್ರೆ ಇನ್ನೂ ಎರಡು ಕಾರಿನಷ್ಟು ದೂರ ತಡೀತಿದ್ದೆ.”

“ಹೇಳ್ತೀನಿ.”

ಮುಂದಿನ ಸೋಮವಾರ ಕೇಳಿದೆ: “ಹೇಳಿದ್ರಾ?”

“ಹೇಳ್ದೆ.”

“ಏನಂದ್ರು?”

“ಏನೂ ಅನ್ನಲಿಲ್ಲ. ಕೇಳಿಸ್ಕೊಂಡ.”

ಮೂರನೇ ವಾರದ ಕೊನೆಗೆ, ಒಳಗೆ ಕೋಳಿಯ ಹೊಟ್ಟೆಕಲ್ಲು, ಅಂದರೆ ಕಾಳು ಅರೆಯುವ ಗಟ್ಟಿ ಮಾಂಸದ ಚೀಲ, ಬಿಡಿಸುವ ಸಾಲಿನಲ್ಲಿ ನಿಲ್ಲುತ್ತಿದ್ದ ವಾನೆಟಾ ಎಂಬ ಹೆಂಗಸು ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನನ್ನ ಗಂಡಂಗೆ ಡ್ರೈವಿಂಗ್ ಪಾಠ ಹೇಳಿಕೊಡ್ತಿರೋ ಮಹಾನುಭಾವ ನೀನೇನಾ?” ಅವಳ ಹಿಂದೆ ಇಡೀ ಸಾಲು ನಗುತ್ತಿತ್ತು. ರಬ್ಬರ್ ಕೈಗವಸು ತೊಟ್ಟ ನಲವತ್ತು ಕೈಗಳು ನನ್ನ ಕಡೆ ಬೆರಳು ಮಾಡಿದ್ದವು. ಆವತ್ತಿನಿಂದ ನಾನು ಅವನನ್ನು ‘ಮಿಸ್ಟರ್ ಆರ್ವಿಲ್’ ಎಂದು ಕರೆಯತೊಡಗಿದೆ. ಅವನು ನನ್ನನ್ನು ‘ಗುರುಗಳೇ’ ಎಂದು ಕರೆಯತೊಡಗಿದ.

ಬೀದಿಯಲ್ಲಿ ಓಡುವ ಮಾಮೂಲಿ ಕಾರನ್ನೇ ಬಿಚ್ಚಿ, ಸೀಟು ಕಿತ್ತು, ಕಬ್ಬಿಣದ ಕೊಳವೆ ಬೆಸೆದು ಓಡಿಸುವ ರೇಸು ನಮ್ಮದು. ಉತ್ತರ ಕೆರೊಲಿನಾದ ನಮ್ಮ ಬೆಟ್ಟಸೀಮೆಯಲ್ಲಿ ಇದಕ್ಕೆ ಆರು ಟ್ರ್ಯಾಕುಗಳಿದ್ದವು. ಆರರಲ್ಲೂ ವರ್ಷವಿಡೀ ಓಡಿ ಹೆಚ್ಚು ಅಂಕ ಗಳಿಸಿದವನು ಆ ಸೀಮೆಯ ಚಾಂಪಿಯನ್. ಆರ್ವಿಲ್ ಶುರು ಮಾಡಿದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ. ಯಾರದೋ ಹುಲ್ಲುಗಾವಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ಹಳೇ ಕಾರನ್ನು ಎಳೆದು ತಂದು ಓಡಿಸಿದನಂತೆ. ಮೊದಲೆರಡು ವರ್ಷ ಕೊನೆಯವನು, ಇಲ್ಲವೇ ಕೊನೆಯವನಿಗಿಂತ ಒಬ್ಬ ಮುಂದೆ. ಅರವತ್ತರಲ್ಲಿ ಮರ ಕೊಯ್ಯುವ ಮಿಲ್ಲಿನವನ ಮಗಳು ವಾನೆಟಾಳನ್ನು ಮದುವೆಯಾದ. ಅರವತ್ತೊಂದರಲ್ಲಿ ಚಾಂಪಿಯನ್ ಆದ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನಮ್ಮೂರಲ್ಲಿ ಒಬ್ಬರಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಎಪ್ಪತ್ತೊಂದರ ಹೊತ್ತಿಗೆ ಎಂಟು ಸಲ ಚಾಂಪಿಯನ್ ಆಗಿದ್ದ. ಇಂಜಿನ್ನು ಯಾರು ಕಟ್ಟುತ್ತಾರೆ ಎಂದು ಕೇಳಿದರೆ, “ಶಾರ್ಲಟ್ ಕಡೆ ಒಬ್ಬ ಜರ್ಮನ್ ಮುದುಕ,” ಎನ್ನುತ್ತಿದ್ದ. ಆ ಮುದುಕನನ್ನು ಹುಡುಕಿಕೊಂಡು ಶಾರ್ಲಟ್‌ಗೆ ಹೋಗಿ ಬಂದವರೂ ಇದ್ದರು.

ಪೇಟೆಯಿಂದ ಒಬ್ಬ ಪತ್ರಿಕೆಯವನು ಬಂದಿದ್ದ. ಕಳ್ಳಭಟ್ಟಿ ಸಾಗಿಸುತ್ತಾ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಓಡಿಸುವುದು ಕಲಿತಿರಾ ಎಂದು ಕೇಳಿದ. ಪೇಟೆಯವರಿಗೆ ಬೆಟ್ಟದವರೆಲ್ಲ ಕಳ್ಳಭಟ್ಟಿಯವರೇ. ಆರ್ವಿಲ್‌ನ ಅಪ್ಪ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುತ್ತಿದ್ದ ಬ್ಯಾಪ್ಟಿಸ್ಟ್ ಹಿರಿಯ, ಹೆಂಡದ ಬಾಟಲಿ ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದವನು.

“ಇಲ್ಲ. ಕರುಳಿನ ಟ್ರಕ್ಕಲ್ಲಿ ಕಲಿತೆ,” ಎಂದ ಆರ್ವಿಲ್. “ತಿರುವಲ್ಲಿ ಜೋರಾಗಿ ಹೋದ್ರೆ ರಸ್ತೆ ಮೇಲೆ ಚೆಲ್ಲುತ್ತೆ. ಚೆಲ್ಲಿದ್ರೆ ನಾನೇ ಬಳೀಬೇಕು.”

ಪತ್ರಿಕೆಯವನು ಮೂಗು ಮುಚ್ಚಿಕೊಂಡು ಹೋಗಿ ಕಳ್ಳಭಟ್ಟಿಯೆಂದೇ ಬರೆದ.

ಆದರೆ ಆರ್ವಿಲ್ ಹೇಳಿದ್ದು ಅಕ್ಷರಶಃ ನಿಜ. ಅವನು ಓಡಿಸುವುದು ನೋಡಲು ಬೇಜಾರಿನ ಕೆಲಸ. ತಿರುವಿನ ಒಳ ಅಂಚಿಗೆ ಅಂಟಿಕೊಂಡು, ಹಿಂದೆ ಏನೋ ತುಳುಕುತ್ತಿದೆ ಎಂಬಂತೆ ಹೋಗುವನು. ಯಾರಿಗೂ ಗುದ್ದುವುದಿಲ್ಲ. ಆ ಕಂದು ಬಣ್ಣ ಕೂಡ ಟ್ರಕ್ಕಿಗೆ ಬಳಿದು ಮಿಕ್ಕಿದ್ದು. ನಮ್ಮ ಜನ ಅವನ ಗೆಲುವನ್ನು ಮೆಚ್ಚುತ್ತಿದ್ದರು, ನಿಜ. ಆದರೆ ಅವರು ಟಿಕೆಟ್ಟು ಕೊಳ್ಳುತ್ತಿದ್ದದ್ದು ಡಿಕ್ಕಿ ನೋಡಲು. ಕಾರೊಂದು ಬೇಲಿ ಹಾರಿ ಮಗುಚಿದರೆ ಎದ್ದು ನಿಲ್ಲುವರು. ಒಳಗಿದ್ದವನು ಕೈಯಾಡಿಸಿದರೆ ಚಪ್ಪಾಳೆ ತಟ್ಟಿ ಕೂರುವರು. ಆ ಚಪ್ಪಾಳೆಯಲ್ಲಿ ಎಲ್ಲೋ ಒಂದಿಷ್ಟು ನಿರಾಸೆ ಇರುತ್ತಿತ್ತು. ನಾನೂ ತಟ್ಟುತ್ತಿದ್ದೆನಾದ್ದರಿಂದ ನನಗೆ ಗೊತ್ತು.

ಟ್ರ್ಯಾಕಿನ ಒಳಗಡೆ, ಕಾರುಗಳು ನಿಲ್ಲುವ ಅಂಗಳಕ್ಕೆ, ಎರಡು ಸಂಗತಿಗಳಿಗೆ ಪ್ರವೇಶವಿರಲಿಲ್ಲ: ಕಡಲೆಕಾಯಿಗೆ ಮತ್ತು ಹೆಂಗಸರಿಗೆ. ಜನ ಕೂರುವ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಕಾಗದದ ಚೀಲಗಳಲ್ಲಿ ಮಾರುತ್ತಿದ್ದರು, ಎಲ್ಲರೂ ತಿನ್ನುತ್ತಿದ್ದರು. ಒಂದು ಸಿಪ್ಪೆ ಬೇಲಿ ದಾಟಿತೋ, ಕಾರುಗಳಿಗೆ ಸಾವು ಬಂತು ಎಂದು ಗುಲ್ಲು. ಇಂಜಿನ್ನಿನ ಹತ್ತಿರ ಹೆಂಗಸು ಸುಳಿದರೂ ಅದೇ ಅನಿಷ್ಟ. ಗೇಟಿನ ಮೇಲೆ ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದಿದ್ದರು. ವಾನೆಟಾ ಸ್ಟ್ಯಾಂಡಿನ ಮೂರನೇ ಸಾಲಿನಲ್ಲಿ ಕೂತು, ರೇಸು ಶುರುವಾದದ್ದೇ ಕಣ್ಣು ಮುಚ್ಚುತ್ತಿದ್ದಳು. ನಾನು ಅವಳು ಗಂಡನ ಜೀವಕ್ಕಾಗಿ ಪ್ರಾರ್ಥಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದೆರಡು ಸಲ ಕರಗಿಯೂ ಹೋಗಿದ್ದೆ.

ಎಪ್ಪತ್ತೆರಡರಲ್ಲಿ ನನಗೆ ಬಡ್ತಿ ಸಿಕ್ಕಿತು. ಕಾರ್ಖಾನೆಯಲ್ಲಲ್ಲ, ಟ್ರ್ಯಾಕಿನಲ್ಲಿ. ಟ್ರ್ಯಾಕಿನ ಮಾಲೀಕ ಗ್ರೇಡಿ ಮಿಂಟನ್ ತನ್ನ ಅಟ್ಟಣೆಯ ಮೇಲೆ ಪಕ್ಕದಲ್ಲಿ ಕೂತು ಸುತ್ತು ಎಣಿಸುವ ಕೆಲಸ ಕೊಟ್ಟ. ಕೂಲಿ ಏನೂ ಇಲ್ಲ. ಪುಕ್ಕಟೆ ಪ್ರವೇಶ, ಮೇಲೊಂದು ಎಲೆಕೋಸು ಸುರಿದ ಸಾಸೇಜ್ ಬನ್ನು. ಆ ಬನ್ನಿಗಾಗಿ ನಾನು ಎಷ್ಟು ಕೆಳಗಿಳಿಯಬಲ್ಲೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಆ ವರ್ಷ ಆರ್ವಿಲ್‌ಗೆ ಸರಿಸಾಟಿಯಾಗಿ ಬಂದವನು ಡ್ವೈಟ್ ಕಾಡಿಲ್. ಪೀಠೋಪಕರಣದ ಕಾರ್ಖಾನೆಯ ಮಾಲೀಕನ ಮಗ. ಹೊಸಾ ಇಂಜಿನ್ನು ಮೂರು ಕೊಂಡಿದ್ದ, ಆದರೂ ವರ್ಷವಿಡೀ ಆರ್ವಿಲ್‌ನ ಹಿಂದಿನ ಬಂಪರ್ ನೋಡುವುದೇ ಆಗಿತ್ತು. ಮಧ್ಯೆ ಎರಡು ವಾರ ಆರ್ವಿಲ್‌ನ ಕಾರಿನ ಅಚ್ಚು ಮುರಿದದ್ದರಿಂದ ಕೊನೆಯ ರೇಸಿನ ಹೊತ್ತಿಗೆ ಡ್ವೈಟ್ ಮೂರು ಅಂಕ ಮುಂದಿದ್ದ. ಆರ್ವಿಲ್ ಗೆದ್ದರೆ ಒಂಬತ್ತನೇ ಸಲ ಚಾಂಪಿಯನ್. ಬೆಟ್ಟಸೀಮೆಯಲ್ಲಿ ಯಾರೂ ಒಂಬತ್ತು ಗೆದ್ದಿರಲಿಲ್ಲ. ಗೆದ್ದರೆ ಸ್ಟ್ಯಾಂಡಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅವನ ಹೆಸರು ಬರೆಸುತ್ತೇನೆಂದು ಮಿಂಟನ್ ಮೈಕಿನಲ್ಲಿ ಸಾರಿದ್ದ. ಬಣ್ಣದ ಡಬ್ಬಗಳೂ ಬಂದು ಕೂತಿದ್ದವು.

ಅಕ್ಟೋಬರಿನ ಆ ಶನಿವಾರ ಮಧ್ಯಾಹ್ನ ಆರ್ವಿಲ್ ನೂರು ಸುತ್ತುಗಳಲ್ಲಿ ಕೊನೆಯ ಅರವತ್ತನ್ನು ಎಲ್ಲರಿಗಿಂತ ಮುಂದಿದ್ದು ಮುಗಿಸಿದ. ಡ್ವೈಟ್ ಎರಡನೆಯವನು. ಜನ ಕುಣಿದರು. ತೋಳಿನ ಮೇಲೆ ‘36’ ಎಂದು ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ಅಂಗಿ ಬಿಚ್ಚಿ ಬೀಸಿದ.

ಗೆದ್ದ ಕಾರನ್ನು ನಮ್ಮ ಅಟ್ಟಣೆಯ ಕೆಳಗಿನ ತೂಕದ ಹಲಗೆಯ ಮೇಲೆ ತಂದು ನಿಲ್ಲಿಸುವುದು ಪದ್ಧತಿ. ಅಲ್ಲೇ ಡ್ವೈಟ್ ಬಂದು ನಿಂತ.

ನಮ್ಮ ನಿಯಮದ ಪುಸ್ತಕದಲ್ಲಿ ಹೀಗೊಂದಿತ್ತು: ಗೆದ್ದವನ ಇಂಜಿನ್ನನ್ನು, ಮೊದಲ ಐದರಲ್ಲಿ ಬಂದ ಯಾರಾದರೂ ಆರುನೂರು ಡಾಲರ್ ಇಟ್ಟು ಕೇಳಬಹುದು. ಕೇಳಿದರೆ ಕೊಟ್ಟುಬಿಡಬೇಕು. ಕೊಡದಿದ್ದರೆ ಗೆಲುವು ರದ್ದು. ದುಡ್ಡಿದ್ದವರು ಸಾವಿರಾರು ಸುರಿದು ಇಂಜಿನ್ನು ಕಟ್ಟಿಸಬಾರದು ಎಂದು ಮಾಡಿದ ನಿಯಮ. ಪುಸ್ತಕದಲ್ಲಿತ್ತು ಅಷ್ಟೆ, ಯಾರೂ ಕೇಳುತ್ತಿರಲಿಲ್ಲ. ಉಣ್ಣುತ್ತಿರುವವನ ತಟ್ಟೆಗೆ ಕೈ ಹಾಕಿದ ಹಾಗೆ ಅದು.

“ಗ್ರೇಡಿ,” ಎಂದು ಕೂಗಿದ ಡ್ವೈಟ್, “ಮೂವತ್ತಾರರ ಇಂಜಿನ್ ಕೇಳ್ತಿದೀನಿ.”

ಮಿಂಟನ್ ಅಟ್ಟಣೆಯಿಂದ ಬಗ್ಗಿದ. “ಯೋಚ್ನೆ ಮಾಡಿದೀಯೇನಪ್ಪಾ?”

“ಹತ್ತು ವರ್ಷದಿಂದ ಎಲ್ಲಾರೂ ಯೋಚ್ನೆ ಮಾಡ್ತಾನೇ ಇದಾರೆ. ಅದರೊಳಗೆ ಏನಿದೆ ಅಂತ. ಬಾಯಿ ಬಿಡಕ್ಕೆ ಒಬ್ಬರಿಗೂ ಧೈರ್ಯ ಇಲ್ಲ, ಅಷ್ಟೆ.”

ಆರ್ವಿಲ್ ಹೆಲ್ಮೆಟ್ ತೆಗೆದ. ಕೆಮ್ಮಣ್ಣು ಮೆತ್ತಿದ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಬಿಳಿ. ಅವನು ಡ್ವೈಟ್‌ನನ್ನೂ ನೋಡಲಿಲ್ಲ, ಮಿಂಟನ್‌ನನ್ನೂ ನೋಡಲಿಲ್ಲ. ತಂತಿ ಬೇಲಿಯ ಕಡೆ ನೋಡಿದ. ಬೇಲಿಯಾಚೆ ವಾನೆಟಾ ನಿಂತಿದ್ದಳು. ಅವಳು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿದಳು.

“ಕೊಡಲ್ಲ,” ಎಂದ ಆರ್ವಿಲ್.

“ಕೊಡ್ಲಿಲ್ಲ ಅಂದ್ರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು. ಅದು ಮಾರಾಟಕ್ಕಿಲ್ಲ. ಒಳಗೇನಿದೆ ನೋಡ್ಬೇಕಾ? ಇಲ್ಲೇ ಬಿಚ್ಚಿಸು. ಡ್ವೈಟ್ ಕಡೆಯವರೇ ಅಳತೆ ತಗೊಳ್ಳಲಿ. ನೋಡಿ ಮುಗಿದ್ಮೇಲೆ ಮನೆಗೆ ಒಯ್ತೀನಿ.”

“ನಂಗೆ ನೋಡೋದು ಬೇಕಿಲ್ಲ, ಇಂಜಿನ್ ಬೇಕು,” ಎಂದ ಡ್ವೈಟ್.

“ನಿಯಮದಲ್ಲಿ ತೋರಿಸೋದು ಅಂತಿಲ್ಲ ಆರ್ವಿಲ್, ಕೊಡೋದು ಅಂತಿದೆ,” ಎಂದ ಮಿಂಟನ್. ಪೀಠೋಪಕರಣದ ಕಾರ್ಖಾನೆಯ ಜಾಹೀರಾತು ಬೇಲಿಯುದ್ದಕ್ಕೂ ಇತ್ತು. ಅವನ ದನಿಯಲ್ಲೂ ಇತ್ತು.

ಆಮೇಲೆ ಮೈಕು ಎತ್ತಿಕೊಂಡ. “ಮೂವತ್ತಾರನೇ ನಂಬರು ಇಂಜಿನ್ ಒಪ್ಪಿಸೋದಕ್ಕೆ ನಿರಾಕರಿಸಿದೆ. ಗೆಲುವು ರದ್ದು. ಈ ವರ್ಷದ ಚಾಂಪಿಯನ್, ಡ್ವೈಟ್ ಕಾಡಿಲ್!”

ನಾನು ಮೆಲ್ಲಗೆ ಕೇಳಿದೆ: “ಬಿಚ್ಚಿ ನೋಡಿ ಅಂದರಲ್ಲ, ಅದನ್ನ ಹೇಳಲಿಲ್ಲ ನೀವು?”

“ಬರೀ ಧೈರ್ಯದ ನಾಟಕ ಕಣೋ ಲಾನಿ ಅದು. ತಪ್ಪಿಲ್ದಿದ್ರೆ ಕೊಡಕ್ಕೇನಂತೆ? ತಗೋ, ಬನ್ನು ತಿನ್ನು.”

ತಿಂದೆ. ನಾಟಕವೇ ಇರಬೇಕು ಎಂದುಕೊಂಡು ತಿಂದೆ. ಹಾಗೆ ನಂಬಿದರೆ ಬನ್ನು ಗಂಟಲಲ್ಲಿ ಇಳಿಯುತ್ತಿತ್ತು.

ಮೊದಲ ಸಿಪ್ಪೆ ಎಲ್ಲಿಂದ ಬಂತೋ ನಾನು ನೋಡಲಿಲ್ಲ. ಎರಡನೆಯದು ಬಂದದ್ದು ಹಚ್ಚೆಯ ತೋಳಿನಿಂದ. ಆಮೇಲೆ ಇಡೀ ಸ್ಟ್ಯಾಂಡು ಎಸೆಯಿತು. ಉಪ್ಪುನೀರಲ್ಲಿ ಬೆಂದ ಒದ್ದೆ ಸಿಪ್ಪೆ ಗಾಜಿಗೆ, ಬಾಗಿಲಿಗೆ, ಮೂವತ್ತಾರಕ್ಕೆ ಲೊಳಕ್ಕನೆ ಅಂಟಿಕೊಳ್ಳುತ್ತಿತ್ತು. ಕಾಲು ಗಂಟೆ ಮೊದಲು ಅವನ ಹೆಸರು ಹೇಳಿ ಗಂಟಲು ಕಟ್ಟಿಸಿಕೊಂಡವರು ಅದೇ ಗಂಟಲಿನಿಂದ ‘ಕಳ್ಳ’ ಎಂದು ಕೂಗಿದರು. ಎಂಟು ಸಲದ ಗೆಲುವುಗಳೂ ಮೋಸವೇ ಎಂದು ಗೇಟು ದಾಟುವಷ್ಟರಲ್ಲಿ ತೀರ್ಮಾನವಾಗಿತ್ತು. ಬಣ್ಣದ ಡಬ್ಬಗಳು ಮಾತ್ರ ದಂಡವಾಗಲಿಲ್ಲ, ಅದೇ ಬಣ್ಣದಲ್ಲಿ ಮಿಂಟನ್ ಕಾಡಿಲ್ ಎಂದು ಬರೆಸಿದ.

ಸೋಮವಾರ ಕಾರ್ಖಾನೆಯಲ್ಲಿ ಇನ್ನೂ ಹೊಲಸು ನಡೆಯಿತು. ಎಲ್ಲರೂ ಮನೆಯಿಂದ ಸಿಪ್ಪೆ ತಂದಿದ್ದರು. ಬೆಳಗ್ಗೆ ಮೊದಲ ಲೋಡು ಹೊರಡುವ ಮುಂಚಿನ ವಿರಾಮದಲ್ಲಿ ಒಬ್ಬೊಬ್ಬರಾಗಿ ಹೋಗಿ ಕರುಳಿನ ಟ್ರಕ್ಕಿನ ಸೀಟಿನ ಮೇಲೆ ಸುರಿದರು. ವಾನೆಟಾ ಸಾಲಿನಲ್ಲಿ ತಲೆ ತಗ್ಗಿಸಿ ಹೊಟ್ಟೆಕಲ್ಲು ಬಿಡಿಸುತ್ತಲೇ ಇದ್ದಳು. ನಾನೂ ಒಂದು ಹಿಡಿ ಹಾಕಿದೆ. ಬೇರೆಯವರದಕ್ಕಿಂತ ಚಿಕ್ಕ ಹಿಡಿ, ಇಷ್ಟನ್ನು ನನ್ನ ಪರವಾಗಿ ಹೇಳಬಹುದು. ಹೇಳಲು ನಾಚಿಕೆಯಾಗುತ್ತದೆ, ಅದು ಬೇರೆ ವಿಷಯ.

ಆರ್ವಿಲ್ ಬಂದ. ಬಾಗಿಲು ತೆಗೆದ. ನೋಡಿದ. ಕೊಡವಲಿಲ್ಲ, ಬಯ್ಯಲಿಲ್ಲ. ಅದರ ಮೇಲೇ ಕೂತು ಗಾಡಿ ಹೊರಡಿಸಿದ. ದಿನದ ಮೂರೂ ಲೋಡು ಹಾಗೇ ಹೊಡೆದ.

ಆಮೇಲೆ ಅವನು ರೇಸು ಓಡಿಸಲಿಲ್ಲ. ಡ್ವೈಟ್ ಇನ್ನೊಂದು ವರ್ಷ ಗೆದ್ದು, ಬೇಜಾರಾಗಿ, ದೋಣಿ ಕೊಂಡ. ಗೆಲುವು ರದ್ದಾದ ವರ್ಷದ ಚಳಿಗಾಲದಲ್ಲೇ ವಾನೆಟಾಳ ಬೆರಳುಗಳು ಮಡಿಚಿಕೊಂಡು ಬಿಚ್ಚದಂತಾದವು. ಕೈ ನಡೆಯುವುದಿಲ್ಲ ಎಂದು ಕಾರ್ಖಾನೆಯವರು ಮನೆಗೆ ಕಳಿಸಿದರು. ಸಾಲಿನಲ್ಲಿ ಅವಳ ಜಾಗಕ್ಕೆ ನನ್ನನ್ನು ಹಾಕಿದರು. ಹೊಟ್ಟೆಕಲ್ಲು ಸೀಳಿ, ಒಳಗಿನ ಹಳದಿ ಪೊರೆ ಸುಲಿದು ಬಿಸಾಡಬೇಕು, ನಿಮಿಷಕ್ಕೆ ಮೂವತ್ತು. ಅವಳು ಹನ್ನೆರಡು ವರ್ಷ ಮಾಡಿದ್ದಳು. ನಾನು ಒಂದೇ ತಿಂಗಳಿಗೆ ಬಾಟಲಿಯ ಮುಚ್ಚಳ ತಿರುಗಿಸಲಾರದವನಾದೆ.

ಎಪ್ಪತ್ನಾಲ್ಕರ ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ನನ್ನ ಕಾರು ರಸ್ತೆ ಮಧ್ಯೆ ಸತ್ತಿತು. ಹೊಗೆಯೊಳಗೆ ಮೂತಿ ತೂರಿಸಿ ನಿಂತಿದ್ದೆ. ಹಿಂದಿನಿಂದ ಮೊದಲು ನಾತ ಬಂತು, ಆಮೇಲೆ ಟ್ರಕ್ಕು ಬಂತು.

“ಹತ್ತು, ಗುರುಗಳೇ.”

“ಪರವಾಗಿಲ್ಲ ಮಿಸ್ಟರ್ ಆರ್ವಿಲ್, ಬಟ್ಟೆಗೆ ವಾಸನೆ…”

“ಯಾರ ಬಟ್ಟೆಗೆ?”

ಹತ್ತಿದೆ. ಎರಡು ವರ್ಷದಲ್ಲಿ ನಾನು ಅವನ ಜೊತೆ ಆಡಿದ ಮೊದಲ ಮಾತು ಅದು. ಅವನು ನನ್ನನ್ನು ಬಿಡಬೇಕಾದಲ್ಲಿ ಬಿಡದೆ ತನ್ನ ಮನೆಗೇ ಕರೆದೊಯ್ದ. “ಊಟದ ಹೊತ್ತಾಯ್ತು. ಆಮೇಲೆ ಹಗ್ಗ ಕಟ್ಟಿ ನಿನ್ನ ಕಾರು ಎಳ್ಕೊಂಡು ಬರೋಣ.”

ಅಡುಗೆ ಮಾಡಿದ್ದು ಅವನೇ. ಬೇಯಿಸಿದ ಕಾಳು, ಮೆಕ್ಕೆಜೋಳದ ರೊಟ್ಟಿ, ಹಸೀ ಈರುಳ್ಳಿ, ಮಜ್ಜಿಗೆ. ವಾನೆಟಾ ಚಮಚವನ್ನು ಮುಷ್ಟಿಯಲ್ಲಿ, ಮಕ್ಕಳು ಹಿಡಿಯುವ ಹಾಗೆ ಹಿಡಿದು ತಿನ್ನುತ್ತಿದ್ದಳು. ಊಟದ ಮೇಜಿನ ಪಕ್ಕದಲ್ಲೇ ಏನೋ ಒಂದಕ್ಕೆ ಕೌದಿ ಹೊದಿಸಿತ್ತು. ಕೆಳಗಡೆ ಕಬ್ಬಿಣದ ಕಾಲು ಕಾಣುತ್ತಿತ್ತು. ನನ್ನ ಕೈ ತಾನಾಗಿ ಅತ್ತ ಹೋಯಿತು.

“ಏಯ್! ಕೈ ತೊಳ್ಕೊಂಡು ಮುಟ್ಟು,” ಎಂದಳು ವಾನೆಟಾ.

ತೊಳೆದುಕೊಂಡು ಬಂದು ಕೌದಿ ಎತ್ತಿದೆ. ಅದೇ ಇಂಜಿನ್ನು. ನಮ್ಮ ಮನೆಯ ತಟ್ಟೆಗಳಿಗಿಂತ ಶುಭ್ರವಾಗಿತ್ತು.

“ಆ ಜರ್ಮನ್ ಮುದುಕ ಇನ್ನೂ ಇದಾನಾ?” ಎಂದು ಕೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾನೆಟಾಗೆ ಮಜ್ಜಿಗೆ ನೆತ್ತಿಗೇರಿತು. “ಆ ಮುದುಕ ನಾನೇ ಕಣೋ, ಬುದ್ಧಿಗೇಡಿ!”

ಎಂಟೂ ಗೆಲುವಿನ ಇಂಜಿನ್ನುಗಳನ್ನು ಅವಳು ಇದೇ ಮೇಜಿನ ಮೇಲೆ ಕಟ್ಟಿದ್ದಳು. ಅಪ್ಪನ ಮರದ ಮಿಲ್ಲಿನಲ್ಲಿ ಇಂಜಿನ್ನಿನ ಸದ್ದು ಕೇಳುತ್ತಾ ಬೆಳೆದವಳು. ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚುತ್ತಿದ್ದದ್ದು ಅದಕ್ಕೇ, ಯಾವ ವಾಲ್ವು ಸಡಿಲವಾಗಿದೆ ಎಂದು ಕೇಳಿಸಿಕೊಳ್ಳಲು. ನಾನು ಕರಗಿ ಹೋದದ್ದೆಲ್ಲ ದಂಡ.

“ಗಂಡಸರು ಅಳತೆ ಕಡ್ಡಿ ಹಿಡ್ಕೊಂಡು ಒದ್ದಾಡ್ತಾರೆ. ನಂಗೆ ಬೆರಳು ಸಾಕಿತ್ತು. ಆ ಕೊನೇ ವರ್ಷ ಎರಡು ಬೆರಳು ಆಗಲೇ ಬಗ್ತಾ ಇರಲಿಲ್ಲ. ಇದನ್ನ ಕಟ್ಟಕ್ಕೆ ನಾಲ್ಕು ತಿಂಗಳು ಹಿಡೀತು. ಇನ್ನೊಂದು ಆಗಲ್ಲ ಅಂತ ಗೊತ್ತಿತ್ತು. ಆ ಡ್ವೈಟ್ ತಗೊಂಡು ಹೋಗಿ ಒಂದು ತಿಂಗಳಲ್ಲಿ ಸುಟ್ಟು ಗುಜರಿಗೆ ಎಸೆಯೋನು. ತಲೆ ಅಲ್ಲಾಡಿಸಿದ್ದು ನಾನೇ. ಇವರಿಗೆ ಒಂಬತ್ತನೇದು ಬೇಕಿತ್ತು.”

“ಬೇಕಿತ್ತು,” ಎಂದ ಆರ್ವಿಲ್, ಈರುಳ್ಳಿ ಕಚ್ಚುತ್ತಾ.

“ಮಿಸ್ ವಾನೆಟಾ, ಕಟ್ಟಿದ್ದು ನೀವು ಅಂತ ಆವತ್ತೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ? ಗೇಟಿನ ಬೋರ್ಡು ಓದಿದೀಯಲ್ಲ ನೀನು. ಇಂಜಿನ್ ಹೊಟ್ಟೆಯೊಳಗೆ ಹೆಂಗಸು ಕೈ ಹಾಕಿದಾಳೆ ಅಂತ ಗೊತ್ತಾಗಿದ್ರೆ ಆ ಸಿಪ್ಪೆ ಅರವತ್ತೊಂದರಲ್ಲೇ ಬೀಳ್ತಿತ್ತು.”

ನಾನು ರೊಟ್ಟಿ ಮುರಿದೆ, ಬಾಯಿಗೆ ಹಾಕಲಿಲ್ಲ. ಅಟ್ಟಣೆಯ ಮೇಲೆ ಎಲ್ಲ ಕೇಳಿಸಿಕೊಂಡೂ ಬನ್ನು ತಿಂದದ್ದನ್ನು ಹೇಳಿದೆ. ಆಮೇಲೆ, “ಆ ಸೋಮವಾರ ಸೀಟಿನ ಮೇಲೆ ನನ್ನದೂ ಒಂದು ಹಿಡಿ ಇತ್ತು, ಮಿಸ್ಟರ್ ಆರ್ವಿಲ್,” ಎಂದೆ.

“ಗೊತ್ತು.”

“ಹೆಂಗೆ?”

“ಎಲ್ಲಾರೂ ತಿಂದು ಸಿಪ್ಪೆ ಹಾಕಿದ್ರು. ಯಾರೋ ಒಬ್ಬ ಕಾಯಿ ಸಮೇತ ಹಾಕಿದ್ದ. ಅಂಥ ಪೆದ್ದ ಯಾರು ಅಂತ ಊಹೆ ಮಾಡಕ್ಕೆ ಕಷ್ಟ ಆಗ್ಲಿಲ್ಲ. ಮೂರನೇ ಲೋಡಲ್ಲಿ ಹಸಿವಾಯ್ತು, ತಿಂದೆ.”

ವಾನೆಟಾ ನಕ್ಕಳು. ನನಗೆ ನಗು ಬರಲಿಲ್ಲ. ಎರಡು ವರ್ಷದಿಂದ ಇಡೀ ಬೆಟ್ಟಸೀಮೆ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ, ಮುಖದೆದುರು ಒಬ್ಬನೂ ಕೇಳದಿದ್ದ ಮಾತು ನನ್ನ ನಾಲಿಗೆಯ ಮೇಲೆ ಕೂತಿತ್ತು. ಇಷ್ಟೆಲ್ಲ ಕೇಳಿದ ಮೇಲೂ ಕೂತಿತ್ತು. ಅದನ್ನು ಉಗುಳದೆ ಆ ಮೇಜಿನಿಂದ ಏಳಲು ಆಗುತ್ತಿರಲಿಲ್ಲ.

“ಮಿಸ್ಟರ್ ಆರ್ವಿಲ್, ಒಂದು ಸಲಾನಾದ್ರೂ ಮೋಸ ಮಾಡಿದೀರಾ?”

ವಾನೆಟಾಳ ಚಮಚ ನಿಂತಿತು. ಆರ್ವಿಲ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

“ಮೊದಲೆರಡು ವರ್ಷ ಪೂರ್ತಿ. ಆಗ ಸೋಲ್ತಿದ್ದೆ, ಯಾವನೂ ಕೇಳಲಿಲ್ಲ.”